ಕ್ರಿಯಾಟಿನಿನ್ ನಾರ್ಮಲ್ ಉಂಟು, ಮತ್ತೆಂತ ಹೆದರಿಕೆ?

ಪ್ರಶ್ನೆ: ನನ್ನ ಯಜಮಾನರಿಗೆ 49 ವರ್ಷ. ಗಲ್ಫ್‌ನಲ್ಲಿ 18 ವರ್ಷದಿಂದ ಟ್ರೈಲರ್ ಡ್ರೈವರ್. ಬಿಪಿ ಉಂಟೆಂದು ಗೊತ್ತಾಗಿ ಒಂಬತ್ತು ವರ್ಷವಾಯಿತು. ಅಮ್ಲೋಡಿಪಿನ್ ತೆಗೆದುಕೊಳ್ಳುತ್ತಿದ್ದರು, ಅದೂ ನೆನಪಾದಾಗ ಮಾತ್ರ. ಅಲ್ಲಿನ ಮೆಡಿಕಲ್ ಚೆಕಪ್‌ನಲ್ಲಿ ಮೂತ್ರದ ರಿಪೋರ್ಟ್ ಯಾವಾಗಲೂ ‘ಅಲ್ಬುಮಿನ್ ನಿಲ್’ ಎಂದೇ ಬರುತ್ತಿತ್ತು. ಈ ಸಲ ರಜೆಯಲ್ಲಿ ಊರಿಗೆ ಬಂದಾಗ ಬಿಪಿ 158/98 ಇತ್ತು. ಡಾಕ್ಟರು ಪರೀಕ್ಷೆ ಮಾಡಿಸಿದರು. ಕ್ರಿಯಾಟಿನಿನ್ 1.1, ಇಜಿಎಫ್‌ಆರ್ 82, ಶುಗರ್ ಸರಿ ಉಂಟು. ಆದರೆ ಎಸಿಆರ್ ಎಂಬ ಮೂತ್ರಪರೀಕ್ಷೆಯಲ್ಲಿ 96 ಬಂತು. ಆ ವಾರ ಅವರಿಗೆ ಮೂರು ದಿನ ಜ್ವರವೂ ಇತ್ತು. ‘ಕಿಡ್ನಿಗೆ ಪೆಟ್ಟು ಬೀಳಲು ಶುರುವಾಗಿರಬಹುದು’ ಎಂದು ಹೇಳಿ ಅಮ್ಲೋಡಿಪಿನ್ ಬದಲು ಟೆಲ್ಮಿಸಾರ್ಟನ್ 40 ಬರೆದುಕೊಟ್ಟರು. ಎರಡು ವಾರ ಬಿಟ್ಟು ನೋಡಿದರೆ ಕ್ರಿಯಾಟಿನಿನ್ 1.3, ಪೊಟ್ಯಾಶಿಯಂ 4.6. ಬಿಪಿ ಮಾತ್ರೆಯಿಂದಲೇ ಕಿಡ್ನಿ ಹಾಳಾಗುವುದೆಂದು ಎಲ್ಲರೂ ಹೇಳುತ್ತಾರೆ. ಇವರು ಐದು ದಿನದಿಂದ ಮಾತ್ರೆ ನಿಲ್ಲಿಸಿದ್ದಾರೆ. ಅದರ ಬದಲು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಂಬುಳಿ ಎಂಬ ಹುಳಿ ಹಣ್ಣಿನ ಜ್ಯೂಸ್ ಕುಡಿಯುತ್ತೇನೆ ಎನ್ನುತ್ತಿದ್ದಾರೆ. ಬೆನ್ನುನೋವಿಗೆ ಮೆಡಿಕಲ್‌ನಿಂದ ಮಾತ್ರೆ ತಂದು ನುಂಗುವ ಅಭ್ಯಾಸವೂ ಉಂಟು. ಅದು ಕಿಡ್ನಿಯ ನೋವೇ ಇರಬಹುದಾ? ನಮ್ಮ ಮಾವ ಎರಡು ವರ್ಷ ಡಯಾಲಿಸಿಸ್‌ನಲ್ಲಿದ್ದು ತೀರಿಹೋದರು. ಇವರಿಗೂ ಅದೇ ಗತಿಯಾ? ಇನ್ನು ಎರಡು ತಿಂಗಳಲ್ಲಿ ವಾಪಸು ಹೋಗಬೇಕು, ಹೋಗಬಹುದಾ? (ನನಗೆ 43. ಎರಡನೆಯ ಬಸಿರಿನಲ್ಲಿ ಬಿಪಿ ಏರಿ ಎಂಟನೇ ತಿಂಗಳಲ್ಲೇ ಹೆರಿಗೆ ಮಾಡಿಸಿದ್ದರು. ಈಗ ನನಗೇನೂ ತೊಂದರೆ ಇಲ್ಲ.)
– ಉಡುಪಿ ಕಡೆಯ ಓದುಗರು

ಉತ್ತರ: ಮೊದಲು ಅವಸರದ ಮಾತು. ಬಿಂಬುಳಿ ಜ್ಯೂಸ್ ಬೇಡವೇ ಬೇಡ. ಟೆಲ್ಮಿಸಾರ್ಟನ್ ನಿಲ್ಲಿಸಿದ ವಿಷಯವನ್ನು ನಾಳೆಯೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ. ಮುಚ್ಚಿಡಬೇಡಿ, ಬೈದರೆ ಬೈಸಿಕೊಳ್ಳಿ. ಮತ್ತೆ ಶುರು ಮಾಡಿ ಎಂದು ಅವರು ಹೇಳುವ ಸಾಧ್ಯತೆಯೇ ಹೆಚ್ಚು. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಅದರೊಳಗೆ ಎರಡು ಗೊಂದಲಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಕ್ರಿಯಾಟಿನಿನ್ ನಾರ್ಮಲ್ ಇದ್ದಾಗ ಡಾಕ್ಟರು ಹೆದರಿಸಿದರು, ಮಾತ್ರೆ ಕೊಟ್ಟ ಮೇಲೆ ಕ್ರಿಯಾಟಿನಿನ್ ಏರಿತು. ಹೊರಗಿನಿಂದ ನೋಡುವವರಿಗೆ ಇದು ಚೆನ್ನಾಗಿದ್ದ ಕಿಡ್ನಿಯನ್ನು ಮಾತ್ರೆ ಕೆಡಿಸಿದ ಕತೆಯಂತೆಯೇ ಕಾಣುತ್ತದೆ. ನಿಮ್ಮ ನೆರೆಹೊರೆಯವರ ಮೇಲೆ ನನಗೆ ಸಿಟ್ಟಿಲ್ಲ. ಇದೇ ಕತೆಯನ್ನು ಮಂಗಳೂರಿನ ನನ್ನ ಕ್ಲಿನಿಕ್‌ನಲ್ಲಿ ವಾರಕ್ಕೆರಡು ಸಲವಾದರೂ ಕೇಳುತ್ತೇನೆ. ‘ಡಾಕ್ಟ್ರೇ, ಕ್ರಿಯಾಟಿನಿನ್ ನಾರ್ಮಲ್ ಉಂಟಲ್ಲ, ಮತ್ತೆಂತ ಹೆದರಿಕೆ?’

ಕ್ರಿಯಾಟಿನಿನ್ ಎಂದರೆ ನಮ್ಮ ಮಾಂಸಖಂಡಗಳು ದಿನವೂ ಹೊರಹಾಕುವ ಕಸ. ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಕಳಿಸುತ್ತದೆ. ಕಸ ಎಷ್ಟು ಹುಟ್ಟುತ್ತದೆ ಎನ್ನುವುದು ಮೈಯಲ್ಲಿ ಮಾಂಸಖಂಡ ಎಷ್ಟಿದೆ ಎನ್ನುವುದರ ಮೇಲೆ ನಿಂತಿದೆ. ಮೊನ್ನೆ ಒಂದೇ ಬೆಳಿಗ್ಗೆ ನನ್ನ ಮೇಜಿನ ಮೇಲೆ ಎರಡು ರಿಪೋರ್ಟ್‌ಗಳಿದ್ದವು, ಎರಡರಲ್ಲೂ ಕ್ರಿಯಾಟಿನಿನ್ 1.1. ಒಂದು ನಿಮ್ಮ ಯಜಮಾನರ ವಯಸ್ಸಿನ, ಮೀನಿನ ಬುಟ್ಟಿ ಎತ್ತಿ ಎತ್ತಿ ತೋಳು ಗಟ್ಟಿಯಾದ ಗಂಡಸಿನದು. ಇನ್ನೊಂದು 72 ವರ್ಷದ, 41 ಕಿಲೋ ತೂಗುವ ಅಜ್ಜಿಯದು. ಎರಡರಲ್ಲೂ 1.1ರ ಎದುರು ‘ನಾರ್ಮಲ್’ ಎಂದೇ ಇತ್ತು. ವಯಸ್ಸು ಮತ್ತು ಲಿಂಗ ಸೇರಿಸಿ ಲೆಕ್ಕ ಹಾಕಿದರೆ ಆತನ ಇಜಿಎಫ್‌ಆರ್ 82, ಅಜ್ಜಿಯದು 53. ಇಜಿಎಫ್‌ಆರ್ ಎಂದರೆ ಎರಡೂ ಕಿಡ್ನಿ ಸೇರಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತವೆ ಎಂಬ ಅಂದಾಜು. ಅದು ಮೂರು ತಿಂಗಳಿಗಿಂತ ಹೆಚ್ಚು ಕಾಲ 60ಕ್ಕಿಂತ ಕೆಳಗೇ ಇದ್ದರೆ ಅದಕ್ಕೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತೇವೆ. ಅಜ್ಜಿಯ ಮಗ ಎರಡು ವರ್ಷದಿಂದ ಅದೇ ‘ನಾರ್ಮಲ್’ ನೋಡಿ ಸಮಾಧಾನಪಟ್ಟುಕೊಂಡು ಹೋಗುತ್ತಿದ್ದ.

ಇನ್ನೂ ಒಂದು ತೊಡಕು ಉಂಟು. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿವೆ, ನೆಫ್ರಾನ್ ಎನ್ನುತ್ತೇವೆ. ಕೆಲವು ಸತ್ತರೆ ಉಳಿದವು ಅವುಗಳ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಮನೆಯಲ್ಲಿ ನಾಲ್ವರು ದುಡಿಯುತ್ತಿದ್ದು ಒಬ್ಬ ಮಲಗಿದರೆ ಮೂವರು ಓವರ್‌ಟೈಮ್ ಮಾಡಿದ ಹಾಗೆ. ತಿಂಗಳ ಖರ್ಚು ಹೇಗೋ ನಡೆಯುತ್ತದೆ, ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಸೋಸುವ ಶಕ್ತಿ ಅರ್ಧದಷ್ಟು ಕುಸಿಯುವವರೆಗೂ ಕೆಲವರ ಕ್ರಿಯಾಟಿನಿನ್ ಪ್ರಯೋಗಾಲಯದ ಗೆರೆ ದಾಟುವುದಿಲ್ಲ. ಓವರ್‌ಟೈಮ್ ಮಾಡಿದವೂ ಕೊನೆಗೆ ಸುಸ್ತಾಗಿ ಬೀಳುತ್ತವೆ. ಆಗ ಕ್ರಿಯಾಟಿನಿನ್ ಏರುವುದು ಮೆಟ್ಟಿಲು ಮೆಟ್ಟಿಲಾಗಿ ಅಲ್ಲ, ಒಮ್ಮೆಲೇ ಗುಡ್ಡ ಹತ್ತಿದ ಹಾಗೆ. ‘ಹೋದ ವರ್ಷ ಎಲ್ಲ ಸರಿ ಇತ್ತಲ್ಲ’ ಎಂದು ಕುಟುಂಬದವರು ಅಳುವುದು ಆ ಹೊತ್ತಿಗೆ.

ಹಾಗಾದರೆ ಮೊದಲು ಗೊತ್ತಾಗುವುದು ಎಲ್ಲಿ? ಮೂತ್ರದಲ್ಲಿ.

ತೆಂಗಿನಕಾಯಿ ಹಾಲು ಹಿಂಡುವ ತೆಳು ಬಟ್ಟೆಯನ್ನು ನೆನಪು ಮಾಡಿಕೊಳ್ಳಿ. ತುರಿಯನ್ನು ಬಟ್ಟೆಯಲ್ಲಿ ಕಟ್ಟಿ ಹದವಾಗಿ ಹಿಂಡಿದರೆ ಹಾಲು ಇಳಿಯುತ್ತದೆ, ತುರಿ ಒಳಗೇ ಉಳಿಯುತ್ತದೆ. ಜೋರಾಗಿ, ಮತ್ತೆ ಮತ್ತೆ, ಅದೇ ಬಟ್ಟೆಯಲ್ಲಿ ವರ್ಷಗಟ್ಟಲೆ ಹಿಂಡಿದರೆ ನೇಯ್ಗೆ ಸಡಿಲವಾಗುತ್ತದೆ, ಹಾಲಿನ ಜೊತೆ ತುರಿಯ ಚೂರೂ ಬೀಳುತ್ತದೆ. ಕಿಡ್ನಿಯೊಳಗಿನ ಸೋಸುಬಟ್ಟೆಗೂ ಇದೇ ಆಗುವುದು. ಏರಿದ ಬಿಪಿ ಆ ಸಣ್ಣ ರಕ್ತನಾಳಗಳ ಗೋಡೆಯನ್ನು ದಪ್ಪ ಮಾಡುತ್ತದೆ, ಕೆಲವು ನೆಫ್ರಾನ್‌ಗಳು ರಕ್ತ ಸಾಲದೆ ಗಾಯದ ಕಲೆಯಂತೆ ಒಣಗುತ್ತವೆ, ಉಳಿದವುಗಳ ಮೇಲೆ ಹಿಂಡುವ ಒತ್ತಡ ಇನ್ನೂ ಹೆಚ್ಚುತ್ತದೆ. ಆಗ ರಕ್ತದಲ್ಲೇ ಉಳಿಯಬೇಕಾದ ಅಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಜಾರುತ್ತದೆ. ನೋವಿಲ್ಲ, ಉರಿ ಇಲ್ಲ, ಬಾವಿಲ್ಲ. ಮೂತ್ರದ ಬಣ್ಣ ಕೂಡ ಬದಲಾಗುವುದಿಲ್ಲ.

ಅಲ್ಬುಮಿನ್ ಮತ್ತು ಕಿಡ್ನಿಯ ನಂಟು ಹೊಸತೇನಲ್ಲ. 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯರು ರೋಗಿಗಳ ಮೂತ್ರವನ್ನು ಚಮಚದಲ್ಲಿಟ್ಟು ಮೇಣದಬತ್ತಿಯ ಮೇಲೆ ಕಾಯಿಸಿ ನೋಡುತ್ತಿದ್ದರು. ಕಿಡ್ನಿ ಕೆಟ್ಟವರ ಮೂತ್ರ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗುತ್ತಿತ್ತು. ಚಮಚ ಹೋಗಿ ಬಣ್ಣ ಬದಲಿಸುವ ಪಟ್ಟಿ ಬಂತು. ನಿಮ್ಮ ಯಜಮಾನರ ರಿಪೋರ್ಟ್‌ನಲ್ಲಿ ‘ನಿಲ್’ ಎಂದು ಬರೆಸಿದ್ದು ಆ ಪಟ್ಟಿಯೇ ಇರಬೇಕು. ಅದು ಸುಳ್ಳು ಹೇಳುವುದಿಲ್ಲ. ಆದರೆ ಅದರ ಬಲೆಯ ಕಣ್ಣು ದೊಡ್ಡದು. ದೊಡ್ಡ ಕಣ್ಣಿನ ಬಲೆಯಲ್ಲಿ ಬೊಳಿಂಜಿರ್‌ನಂಥ ಪುಟ್ಟ ಮೀನು ಸಿಕ್ಕೀತೇ? ಅಲ್ಬುಮಿನ್ ಸಾಕಷ್ಟು ಸೋರಿದರೆ ಮಾತ್ರ ಪಟ್ಟಿಯ ಬಣ್ಣ ತಿರುಗುತ್ತದೆ. ಬೊಂಡ (ಎಳನೀರು) ಕುಡಿದು, ನೀರು ಕುಡಿದು ಮೂತ್ರ ತೆಳ್ಳಗಾಗಿದ್ದರೆ ಅದೂ ಇಲ್ಲ.

ಎಸಿಆರ್ ಸಣ್ಣ ಕಣ್ಣಿನ ಬಲೆ. ಮೂತ್ರದಲ್ಲಿರುವ ಅಲ್ಬುಮಿನ್ನನ್ನು ಅದೇ ಮೂತ್ರದ ಕ್ರಿಯಾಟಿನಿನ್ ಜೊತೆ ತೂಗಿ ನೋಡುತ್ತಾರೆ. ಹಾಗಾಗಿ ಮೂತ್ರ ತೆಳ್ಳಗಿದೆಯೋ ದಪ್ಪಗಿದೆಯೋ ಎನ್ನುವ ತಕರಾರು ಬಹುಪಾಲು ಇಲ್ಲವಾಗುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಒಳಗಿದ್ದರೆ ಚಿಂತೆ ಇಲ್ಲ. 30ರಿಂದ 300 ಸೋರಿಕೆಯ ಮೊದಲ ಹಂತ. 300 ದಾಟಿದರೆ ಜೋರು ಸೋರಿಕೆ. ಒಂದು ಕಿಲೋ ಅಂಜಲ್ ಮೀನಿನ ಬೆಲೆಗಿಂತ ಕಡಿಮೆಗೆ ಆಗುವ ಪರೀಕ್ಷೆ. ಹಾಗಿದ್ದೂ ‘ಕಿಡ್ನಿ ಪ್ಯಾಕೇಜ್’ ಎಂದು ಮಾರುವ ಅನೇಕ ಪ್ಯಾಕೇಜುಗಳಲ್ಲಿ ಯೂರಿಯಾ, ಯೂರಿಕ್ ಆಸಿಡ್, ಸೋಡಿಯಂ ಎಲ್ಲ ಇರುತ್ತವೆ, ಇದೊಂದು ಇರುವುದಿಲ್ಲ. ಬಿಪಿ ಇರುವವರೆಲ್ಲ ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಜೊತೆಗೆ ಇದನ್ನೂ ಬಾಯಿಬಿಟ್ಟು ಕೇಳಿ ಮಾಡಿಸಿಕೊಳ್ಳಬೇಕು ಎನ್ನುವುದು ನನ್ನ ಹಳೆಯ ಜಗಳ.

ನಿಮ್ಮ ಡಾಕ್ಟರು ಕೇಳದೆಯೇ ಇದನ್ನು ಮಾಡಿಸಿದರಲ್ಲ, ಅವರನ್ನು ಬಿಡಬೇಡಿ.

ಈಗ ಆ 96. ಅದನ್ನೇ ಕೊನೆಯ ಮಾತು ಎಂದುಕೊಳ್ಳಬೇಡಿ. ಜ್ವರ ಬಂದಾಗ, ಮೂತ್ರದ ಸೋಂಕಿದ್ದಾಗ, ಹಿಂದಿನ ದಿನ ಮೈಮುರಿಯುವ ಕೆಲಸ ಮಾಡಿದ್ದಾಗ, ಬಿಪಿ ತೀರಾ ಏರಿದ್ದಾಗ ಅಲ್ಬುಮಿನ್ ತಾತ್ಕಾಲಿಕವಾಗಿ ಸೋರಬಹುದು. ನಿಮ್ಮವರಿಗೆ ಜ್ವರವೂ ಇತ್ತು, ಬಿಪಿಯೂ 158 ಇತ್ತು. ಹಾಗಾಗಿ ಮೈ ಸರಿಯಿದ್ದ ದಿನ, ಬೆಳಿಗ್ಗೆ ಎದ್ದ ಕೂಡಲೇ ಬರುವ ಮೂತ್ರದ ಮೊದಲ ಸ್ವಲ್ಪ ಬಿಟ್ಟು ನಡುವಿನದ್ದನ್ನು ಹಿಡಿದು ಮತ್ತೆ ಪರೀಕ್ಷೆಗೆ ಕೊಡಿ. ಮೂರರಿಂದ ಆರು ತಿಂಗಳ ಅವಧಿಯಲ್ಲಿ ಮಾಡಿದ ಮೂರರಲ್ಲಿ ಎರಡು 30ಕ್ಕಿಂತ ಮೇಲೆ ಬಂದರೆ ಆಗ ನಂಬುತ್ತೇವೆ. ಜೊತೆಗೆ ಮೂತ್ರವನ್ನು ಸೂಕ್ಷ್ಮದರ್ಶಕದಲ್ಲೂ ನೋಡಲಿ. ಅಲ್ಬುಮಿನ್ ಜೊತೆ ಕೆಂಪು ರಕ್ತಕಣಗಳೂ ಕಂಡರೆ ಕತೆಯೇ ಬೇರೆ. ಆಗ ಬಿಪಿಯಿಂದ ಕಿಡ್ನಿ ಕೆಟ್ಟದ್ದಲ್ಲ, ಕಿಡ್ನಿಯ ಬೇರೆ ಕಾಯಿಲೆಯಿಂದ ಬಿಪಿ ಬಂದಿರಬಹುದು ಎಂದು ಹುಡುಕಬೇಕಾಗುತ್ತದೆ, ಕೆಲವೊಮ್ಮೆ ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿವರೆಗೂ ಹೋಗಬೇಕಾಗುತ್ತದೆ. 40ರ ವಯಸ್ಸಿಗೇ ಬಿಪಿ ಬಂದವರಲ್ಲಿ ಆ ಅನುಮಾನವನ್ನು ನಾನು ಒಮ್ಮೆಯಾದರೂ ಇಟ್ಟುಕೊಂಡೇ ನೋಡುವುದು.

ಇನ್ನು ಮಾತ್ರೆ. ತೆಂಗಿನಹಾಲಿನ ಬಟ್ಟೆಗೇ ವಾಪಸು ಬನ್ನಿ. ಸೋಸುವ ಪ್ರತಿ ಗಂಟಿಗೆ ರಕ್ತ ಒಳಬರುವ ಒಂದು ನಾಳ, ಹೊರಹೋಗುವ ಒಂದು ನಾಳ ಇರುತ್ತದೆ. ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್ ಜಾತಿಯ ಮಾತ್ರೆಗಳು ಮೈಯ ಒಟ್ಟು ಬಿಪಿ ಇಳಿಸುವುದಲ್ಲದೆ ಆ ಹೊರಹೋಗುವ ನಾಳವನ್ನು ಸಡಿಲಿಸುತ್ತವೆ. ಅಂದರೆ ಬಟ್ಟೆ ಹಿಂಡುತ್ತಿದ್ದ ಮುಷ್ಟಿ ಸ್ವಲ್ಪ ಸಡಿಲವಾಯಿತು. ಮುಷ್ಟಿ ಸಡಿಲವಾದರೆ ಇಳಿಯುವ ಹಾಲು ತುಸು ಕಡಿಮೆಯಾಗಲೇಬೇಕಲ್ಲ? ಹಾಗೆ ಕಡಿಮೆಯಾದದ್ದೇ ನಿಮ್ಮ 1.3. ಆದರೆ ಬಟ್ಟೆ ಉಳಿಯಿತು, ತುರಿಯ ಚೂರು ಬೀಳುವುದು ಕಡಿಮೆಯಾಯಿತು.

ಮಾತ್ರೆ ಶುರುಮಾಡಿದ ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್ ಶೇ. 30ರವರೆಗೆ ಏರಿದರೆ ನಾವು ಮಾತ್ರೆ ನಿಲ್ಲಿಸುವುದಿಲ್ಲ. 1.1ರಿಂದ 1.3 ಎಂದರೆ ಸುಮಾರು ಶೇ. 18. ಇಜಿಎಫ್‌ಆರ್ 82ರಿಂದ 67ಕ್ಕೆ ಇಳಿದಿರುತ್ತದೆ. ಕಾಗದದಲ್ಲಿ ನೋಡಿದರೆ ಎದೆ ಧಸಕ್ ಎನ್ನುವುದು ಸಹಜ. ಸಾಮಾನ್ಯವಾಗಿ ಅದು ಅಲ್ಲೇ ನಿಲ್ಲುತ್ತದೆ. ನಿಲ್ಲದೆ ಶೇ. 30 ದಾಟಿದರೆ ಆಗ ಹುಡುಕಬೇಕು: ಮೈಯಲ್ಲಿ ನೀರು ಕಡಿಮೆಯಾಗಿದೆಯೇ, ನೋವಿನ ಮಾತ್ರೆ ಸೇರಿಕೊಂಡಿದೆಯೇ, ಕಿಡ್ನಿಗೆ ಹೋಗುವ ದೊಡ್ಡ ರಕ್ತನಾಳವೇ ಕಿರಿದಾಗಿದೆಯೇ. ಪೊಟ್ಯಾಶಿಯಂ 5.5 ದಾಟಿದರೂ ಹಾಗೆಯೇ. 4.6ರಲ್ಲಿ ಹೆದರಿಕೆ ಇಲ್ಲ. ಮಾತ್ರೆ ಮತ್ತೆ ಶುರುವಾದ ಎರಡು ವಾರಕ್ಕೆ ಇವೆರಡನ್ನೂ ಇನ್ನೊಮ್ಮೆ ನೋಡಲಿ. ಇವುಗಳ ನಿಜವಾದ ಅಪಾಯ ಬೇರೆ ಕಡೆ ಇದೆ: ಬಸುರಿಯರಿಗೆ ಇವು ಕೂಡದು. ಸಾರ್ಟನ್ ಜಾತಿಯದ್ದನ್ನೂ ಪ್ರಿಲ್ ಜಾತಿಯದ್ದನ್ನೂ ಒಟ್ಟಿಗೆ ತಿನ್ನುವುದೂ ಕೂಡದು.

‘ಬಿಪಿ ಮಾತ್ರೆಯಿಂದ ಕಿಡ್ನಿ ಹೋಗುತ್ತದೆ’ ಎಂಬ ನಂಬಿಕೆ ಎಲ್ಲಿಂದ ಬಂತು ಎಂದು ನಾನು ಬಹಳ ಯೋಚಿಸಿದ್ದೇನೆ. ಡಯಾಲಿಸಿಸ್ ವಾರ್ಡಿಗೆ ಹೋಗಿ ನೋಡಿ, ಅಲ್ಲಿ ಮಲಗಿದವರಲ್ಲಿ ಬಹುತೇಕ ಎಲ್ಲರೂ ವರ್ಷಗಟ್ಟಲೆ ಬಿಪಿ ಮಾತ್ರೆ ನುಂಗಿದವರೇ. ಕಿಡ್ನಿ ಸೋಲುತ್ತ ಹೋದಂತೆ ಬಿಪಿ ಇನ್ನೂ ಏರುತ್ತದೆ, ಒಂದು ಮಾತ್ರೆ ಮೂರಾಗುತ್ತದೆ. ಮನೆಯವರ ಕಣ್ಣಿಗೆ ಮಾತ್ರೆ ಹೆಚ್ಚಿದ್ದು ಮೊದಲು, ಡಯಾಲಿಸಿಸ್ ಆಮೇಲೆ. ಆಟಿ ತಿಂಗಳಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರ ಕೈಯಲ್ಲೂ ಕೊಡೆ ಇರುತ್ತದೆ. ಕೊಡೆಯಿಂದಲೇ ಮಳೆ ಬಂತು ಎನ್ನಲು ಆಗುತ್ತದೆಯೇ?

ಮಾತ್ರೆಯಿಂದ ಕಿಡ್ನಿ ಕೆಡುವುದು ನಿಜ, ಆದರೆ ಆ ಮಾತ್ರೆ ಬೇರೆ. ನಿಮ್ಮ ಪತ್ರದಲ್ಲಿ ಅದು ಸಣ್ಣ ವಾಕ್ಯವಾಗಿ ಬಂದಿದೆ: ‘ಮೆಡಿಕಲ್‌ನಿಂದ ಮಾತ್ರೆ ತಂದು ನುಂಗುವ ಅಭ್ಯಾಸ’. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೋಕ್ಸೆನ್ ಇವು ಕಿಡ್ನಿಗೆ ರಕ್ತ ಒಳಬರುವ ನಾಳವನ್ನು ಬಿಗಿ ಮಾಡುತ್ತವೆ, ಉಪ್ಪನ್ನು ಮೈಯಲ್ಲೇ ಹಿಡಿದಿಟ್ಟು ಬಿಪಿ ಏರಿಸುತ್ತವೆ. ಟೆಲ್ಮಿಸಾರ್ಟನ್ ಹೊರದಾರಿಯನ್ನು ಸಡಿಲಿಸಿರುವಾಗ ಇವು ಒಳದಾರಿಯನ್ನು ಬಿಗಿದರೆ, ಮೇಲಿಂದ ಮೂತ್ರ ಹೆಚ್ಚಿಸುವ ಮಾತ್ರೆಯೂ ಸೇರಿದರೆ, ಅಥವಾ ಮರುಭೂಮಿಯ ಬಿಸಿಲಿನಲ್ಲಿ ಬೆವರಿ ಮೈ ಒಣಗಿದರೆ, ಚೆನ್ನಾಗಿದ್ದ ಕಿಡ್ನಿಯೂ ಎರಡೇ ದಿನದಲ್ಲಿ ಕೈಕೊಡಬಹುದು.

ನಾನು ಹೊಸಬರಿಗೆಲ್ಲ ಮನೆಯಲ್ಲಿರುವ ಔಷಧಿಯ ತೊಟ್ಟೆಯನ್ನೇ (ಚೀಲವನ್ನೇ) ತರಲು ಹೇಳುತ್ತೇನೆ, ಚೀಟಿ ಬೇಡ. ಹೋದ ತಿಂಗಳು ಒಬ್ಬರು ತೊಟ್ಟೆಯನ್ನು ಮೇಜಿನ ಮೇಲೆ ಸುರಿದರು. ಮೂರು ಬಣ್ಣದ ಸ್ಟ್ರಿಪ್, ಮೂರು ಬೇರೆ ಹೆಸರು: ಒಂದು ಮೊಣಕಾಲಿಗೆ, ಒಂದು ಹಲ್ಲಿಗೆ, ಇನ್ನೊಂದು ‘ಗ್ಯಾಸಿಗೂ ನೋವಿಗೂ ಒಟ್ಟಿಗೆ’. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿಸಿದೆ. ಮೂರರಲ್ಲೂ ಅಸೆಕ್ಲೋಫೆನಾಕ್. ಅವರು ಮೂರನ್ನೂ ತಿನ್ನುತ್ತಿದ್ದರು, ಹೆಸರು ಬೇರೆ ಬೇರೆ ಅಲ್ಲವೇ ಎಂದು. ನಿಮ್ಮ ಮನೆಯ ತೊಟ್ಟೆಯನ್ನೂ ಇವತ್ತು ಸಂಜೆ ಸುರಿದು ನೋಡಿ.

ಬೆನ್ನುನೋವು ಕಿಡ್ನಿಯದ್ದೇ ಇರಬಹುದೇ ಎಂದು ಕೇಳಿದ್ದೀರಿ. ಬಿಪಿಯಿಂದ ಕಿಡ್ನಿಗೆ ಆಗುವ ಹಾನಿ ನೋಯುವುದಿಲ್ಲ. ಕಲ್ಲು, ಸೋಂಕು ಇದ್ದರೆ ನೋಯುತ್ತದೆ, ಅದರ ರೀತಿಯೇ ಬೇರೆ. 18 ವರ್ಷ ಟ್ರೈಲರ್ ಓಡಿಸಿದವರ ಸೊಂಟ ನೋಯುವುದಕ್ಕೆ ಕಿಡ್ನಿಯವರೆಗೆ ಹೋಗಿ ಕಾರಣ ಹುಡುಕಬೇಕಾಗಿಲ್ಲ. ತೀರಾ ನೋವಿದ್ದರೆ ಪ್ಯಾರಾಸಿಟಮಾಲ್, ಬಿಸಿ ಶಾಖ, ಫಿಸಿಯೋಥೆರಪಿಯವರು ಕಲಿಸುವ ವ್ಯಾಯಾಮ. ಮೇಲೆ ಹಚ್ಚುವ ಮುಲಾಮಿನಿಂದ ಮೈಯೊಳಗೆ ಸೇರುವುದು ಕಡಿಮೆ, ಅದು ಅಪರೂಪಕ್ಕೆ ನಡೆದೀತು.

ಬಿಂಬುಳಿಗೆ ಬರೋಣ. ಇಷ್ಟು ಹೆದರಿಸಲು ಕಾರಣ ಉಂಟು. ಮೀನಿನ ಸಾರಿಗೆ ನಾಲ್ಕು ಬಿಂಬುಳಿ ಹಾಕಿದರೆ, ಉಪ್ಪಿನಕಾಯಿ ಮಾಡಿ ಚೂರು ತಿಂದರೆ ಆರೋಗ್ಯವಂತರಿಗೆ ಏನೂ ಆಗುವುದಿಲ್ಲ; ನಮ್ಮ ಮನೆಯ ಹಿತ್ತಲಲ್ಲೂ ಮರವಿದೆ. ಆದರೆ ಅದರಲ್ಲಿ ಆಕ್ಸಲೇಟ್ ಬಹಳ. ಹತ್ತಾರು ಹಣ್ಣಿನ ಹಸಿ ರಸವನ್ನು ಖಾಲಿ ಹೊಟ್ಟೆಗೆ ಕುಡಿದರೆ ಆ ಆಕ್ಸಲೇಟ್ ಕಿಡ್ನಿಯ ಕೊಳವೆಗಳಲ್ಲಿ ಹರಳುಗಟ್ಟಿ ಕೂರುತ್ತದೆ. ಕೊಲೆಸ್ಟ್ರಾಲ್ ಇಳಿಸಲೆಂದು ಹೀಗೆ ಕುಡಿದು ಕಿಡ್ನಿ ನಿಂತು ಡಯಾಲಿಸಿಸ್ ಬೇಕಾದವರ ಬಗ್ಗೆ ಪಕ್ಕದ ಕೇರಳದ ವೈದ್ಯರೇ ಬರೆದಿದ್ದಾರೆ. ಅದರ ಅಣ್ಣನಂತಿರುವ ದಾರೆಹುಳಿಯ (ಸ್ಟಾರ್ ಫ್ರೂಟ್) ಮಾತೂ ಹೀಗೆಯೇ. ಕಿಡ್ನಿ ಈಗಾಗಲೇ ಸೋತವರಿಗೆ ದಾರೆಹುಳಿಯಿಂದ ಬಿಕ್ಕಳಿಕೆ ಶುರುವಾಗಿ ಪ್ರಜ್ಞೆ ತಪ್ಪುವವರೆಗೂ ಹೋಗುತ್ತದೆ. ಮರದಲ್ಲಿ ಬೆಳೆದದ್ದು ಎಂಬ ಒಂದೇ ಕಾರಣಕ್ಕೆ ನಂಬಬೇಡಿ, ವಿಷದ ಕಾಸರ್ಕನ ಮರವೂ ನಮ್ಮ ಊರಿನದ್ದೇ.

ನಾಲಿಗೆಗೆ ಬುದ್ಧಿ ಹೇಳುವುದಾದರೆ ಉಪ್ಪಿನ ವಿಷಯದಲ್ಲಿ ಹೇಳಿ. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಎಲ್ಲ ಅಡುಗೆ ಸೇರಿ ಒಂದು ಚಹಾ ಚಮಚದಷ್ಟು, ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಗಂಜಿ ಊಟ ಸಾತ್ವಿಕ ಎಂದುಕೊಳ್ಳುತ್ತೇವೆ. ಕುಚ್ಚಲಕ್ಕಿ ಗಂಜಿಯಲ್ಲಿ ಉಪ್ಪಿಲ್ಲ ನಿಜ, ಆದರೆ ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಚಟ್ನಿ, ಆಟಿಯಲ್ಲಾದರೆ ಉಪ್ಪುನೀರಲ್ಲಿಟ್ಟ ಹಲಸಿನ ಸೊಳೆಯ ಪಲ್ಯ. ಸಪ್ಪೆ ಊಟ ಮಾಡಿ ಎಂದರೆ ಯಾರೂ ಮೂರು ದಿನಕ್ಕಿಂತ ಹೆಚ್ಚು ಮಾಡುವುದಿಲ್ಲ ಎಂದು ನನಗೆ ಗೊತ್ತು. ಬಟ್ಟಲಿನ ಪಕ್ಕ ಉಪ್ಪಿನದ್ದು ಒಂದೇ ಇರಲಿ ಎನ್ನುತ್ತೇನೆ. ಉಪ್ಪಿನಕಾಯಿ ಇದ್ದ ದಿನ ಹಪ್ಪಳ ಬೇಡ. ಉಪ್ಪು ಹೆಚ್ಚಿದ್ದರೆ ಟೆಲ್ಮಿಸಾರ್ಟನ್ ಸೋರಿಕೆ ತಡೆಯುವ ಕೆಲಸವನ್ನೂ ಸರಿಯಾಗಿ ಮಾಡಲಾರದು. ಸೈಂಧವ ಲವಣವೂ ಉಪ್ಪೇ. ‘ಬಿಪಿಯವರಿಗೆ’ ಎಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ. ಟೆಲ್ಮಿಸಾರ್ಟನ್ ತಿನ್ನುವವರು ಡಾಕ್ಟರನ್ನು ಕೇಳದೆ ಅದನ್ನು ಬಳಸಬಾರದು. ಬೊಂಡದಲ್ಲೂ ಪೊಟ್ಯಾಶಿಯಂ ಉಂಟು, ನಿಮ್ಮವರ ಈಗಿನ ಸ್ಥಿತಿಯಲ್ಲಿ ಆಗೊಮ್ಮೆ ಈಗೊಮ್ಮೆ ಕುಡಿಯಲು ಅಡ್ಡಿ ಇಲ್ಲ. ಕಿಡ್ನಿ ‘ತೊಳೆಯಲು’ ದಿನಕ್ಕೆ ಐದು ಲೀಟರ್ ನೀರು ಬೇಡ. ಮೀನು ಬಿಡುವುದೂ ಬೇಡ.

ಮಾವನವರ ವಿಷಯವನ್ನು ನೀವು ಬಹಳ ಕಡಿಮೆ ಬರೆದಿದ್ದೀರಿ. ಅವರಿಗೆ ಡಯಾಲಿಸಿಸ್ ಯಾಕೆ ಬೇಕಾಯಿತು? ಸಕ್ಕರೆ ಕಾಯಿಲೆಯಿಂದಲೋ, ಬಿಪಿಯಿಂದಲೋ, ಅಥವಾ ಕಿಡ್ನಿಯಲ್ಲಿ ನೀರುಗುಳ್ಳೆಗಳು ತುಂಬಿ ಎರಡೂ ಕಿಡ್ನಿ ದೊಡ್ಡದಾಗಿದ್ದವೋ? ಮೂರನೆಯದಾದರೆ ಅದು ವಂಶದಲ್ಲಿ ಬರುವ ಪಾಲಿಸಿಸ್ಟಿಕ್ ಕಾಯಿಲೆ ಇರಬಹುದು. ಅದು ತಂದೆಯಿಂದ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಹಳೆಯ ಫೈಲು ಕಪಾಟಿನಲ್ಲಿ ಇದ್ದೇ ಇರುತ್ತದೆ, ನಮ್ಮ ಜನ ಎಕ್ಸ್‌ರೇ ಕೂಡ ಬಿಸಾಡುವುದಿಲ್ಲ. ಹುಡುಕಿ ತೆಗೆಯಿರಿ. ಸಿಗದಿದ್ದರೂ ಯಜಮಾನರಿಗೆ ಹೊಟ್ಟೆಯ ಸ್ಕ್ಯಾನಿಂಗ್ ಒಂದು ಆಗಲಿ. ಗುಳ್ಳೆಗಳಿದ್ದರೆ ಕಾಣುತ್ತವೆ, ಕಿಡ್ನಿ ಕುಗ್ಗಿದ್ದರೆ ಹಾನಿ ಹಳೆಯದು ಎಂದು ಗೊತ್ತಾಗುತ್ತದೆ. ಸಾಧ್ಯವಾದರೆ ಕಣ್ಣಿನ ಡಾಕ್ಟರ ಬಳಿ ರೆಟಿನಾ ಕೂಡ ತೋರಿಸಿ. ಮೈಯೊಳಗಿನ ಸಣ್ಣ ರಕ್ತನಾಳಗಳನ್ನು ಕೊಯ್ಯದೆ ಚೆನ್ನಾಗಿ ನೋಡಲು ಸಿಗುವ ಜಾಗ ಅದು. ತಂದೆಯ ಗತಿಯೇ ಮಗನಿಗೆ ಎಂದು ಬರೆದಿಟ್ಟಿಲ್ಲ. ಇಜಿಎಫ್‌ಆರ್ 82ರಲ್ಲಿ, ಸೋರಿಕೆ 96ರಲ್ಲಿ ಗೊತ್ತಾದವರಿಗೆ ಕೈಯಲ್ಲಿ ಕಾಲ ಇರುತ್ತದೆ. ನನ್ನ ಹತ್ತಿರ ಬರುವ ಹೆಚ್ಚಿನವರು ಕಾಲು ಊದಿಕೊಂಡ ಮೇಲೆ ಬರುವವರು.

ಮುಂದಿನ ದಾರಿಗಳೇನು? ನಿಮ್ಮವರನ್ನು ನಾನು ನೋಡಿಲ್ಲ, ಪತ್ರದಲ್ಲಿರುವಷ್ಟರಿಂದ ಹೇಳುತ್ತೇನೆ. ಟೆಲ್ಮಿಸಾರ್ಟನ್ ಮುಂದುವರಿಸಿ, ಬಿಪಿಯನ್ನು 130/80ರ ಒಳಗೆ ತರುವುದು ಮೊದಲ ಕೆಲಸ. ಸಾಲದಿದ್ದರೆ ಅದನ್ನು 80 ಮಿಲಿಗ್ರಾಂಗೆ ಏರಿಸಬಹುದು, ಅಥವಾ ಹಳೆಯ ಅಮ್ಲೋಡಿಪಿನ್ನನ್ನೇ ಜೊತೆಗೆ ಸೇರಿಸಬಹುದು. ಅಮ್ಲೋಡಿಪಿನ್‌ನಿಂದ ಪಾದ ಸ್ವಲ್ಪ ಊದಬಹುದು; ಅದನ್ನು ನೋಡಿ ಕಿಡ್ನಿ ಹೋಯಿತೆಂದು ಮತ್ತೊಂದು ಗಾಬರಿ ಬೇಡ. ಬಿಪಿಯನ್ನು ಎಷ್ಟು ಇಳಿಸಬೇಕೆಂದು ನೋಡಿದ, 2015ರಲ್ಲಿ ಬಂದ ಸ್ಪ್ರಿಂಟ್ ಅಧ್ಯಯನದ ನಂತರ ಮೇಲಿನ ಅಂಕಿಯನ್ನು 120ರ ಒಳಗೇ ತರಬೇಕು ಎನ್ನುವವರಿದ್ದಾರೆ. ಹೃದಯಕ್ಕೆ ಅದರಿಂದ ಲಾಭವಿದೆ, ಸುಳ್ಳಲ್ಲ. ಆದರೆ ಬಿಪಿ ತೀರಾ ಇಳಿದು ತಲೆಸುತ್ತು ಬರುವುದೂ ಇದೆ, ಇವರು ಹಿಡಿಯುವುದು ಟ್ರೈಲರ್‌ನ ಸ್ಟಿಯರಿಂಗ್. ಮೊದಲು 130 ಮುಟ್ಟಲಿ ಎಂಬ ಕಡೆ ನಾನು.

ಡಾಪಾಗ್ಲಿಫ್ಲೋಜಿನ್ ಎಂಬ ಮಾತ್ರೆಯ ಬಗ್ಗೆ ನೀವು ಕೇಳಿರಬಹುದು. ಸಕ್ಕರೆ ಕಾಯಿಲೆಗೆ ಬಂದದ್ದು, ಈಗ ಸಕ್ಕರೆ ಇಲ್ಲದವರ ಕಿಡ್ನಿಗೂ ಕೊಡುತ್ತೇವೆ, ಬೆಲೆಯೂ ಇಳಿದಿದೆ. ಒಳ್ಳೆಯ ಔಷಧಿ. ಆದರೆ ಸಕ್ಕರೆ ಇಲ್ಲದವರಲ್ಲಿ ಅದರ ಗಟ್ಟಿ ಪುರಾವೆ ಇರುವುದು ಸೋರಿಕೆ 200 ದಾಟಿದವರಲ್ಲಿ, ಇಲ್ಲವೇ ಇಜಿಎಫ್‌ಆರ್ ಸಾಕಷ್ಟು ಇಳಿದವರಲ್ಲಿ. ಅದು ಮೂತ್ರದಲ್ಲಿ ಸಕ್ಕರೆಯನ್ನೂ ನೀರನ್ನೂ ಹೊರಹಾಕುತ್ತದೆ. ಗುಪ್ತಾಂಗದಲ್ಲಿ ಫಂಗಸ್ ತುರಿಕೆ ಬರಬಹುದು, 45 ಡಿಗ್ರಿ ಬಿಸಿಲಿನಲ್ಲಿ ಮೈ ಒಣಗಬಹುದು. ಇವತ್ತಿಗೆ ನಿಮ್ಮವರಿಗೆ ನಾನಾದರೆ ಬರೆಯುವುದಿಲ್ಲ. ಟೆಲ್ಮಿಸಾರ್ಟನ್ ಪೂರ್ತಿ ಕೊಟ್ಟು ಬಿಪಿ ಹಿಡಿತಕ್ಕೆ ಬಂದ ಮೇಲೂ ಸೋರಿಕೆ ಏರುತ್ತಲೇ ಹೋದರೆ ಆಗ ಆ ಮಾತು.

ವಾಪಸು ಹೋಗಬಹುದು. ಹೋಗುವ ಮೊದಲು ಎರಡು ವಾರದ ರಕ್ತಪರೀಕ್ಷೆ, ಇನ್ನೊಂದು ಎಸಿಆರ್, ಸ್ಕ್ಯಾನಿಂಗ್ ಮುಗಿಯಲಿ. ಮೂರನೆಯ ಎಸಿಆರ್ ಅಲ್ಲೇ ಮಾಡಿಸಬಹುದು. ತೋಳಿಗೆ ಕಟ್ಟುವ ಬಿಪಿ ಮಿಷನ್ ಕೊಂಡುಕೊಳ್ಳಿ, ಮಣಿಕಟ್ಟಿನದ್ದು ಬೇಡ. ಐದು ನಿಮಿಷ ಬೆನ್ನೊರಗಿ ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಫೋನಿನಲ್ಲಿ ಮಾತಾಡದೆ ನೋಡಿಕೊಳ್ಳಲಿ. ಮನೆಯಲ್ಲಿ 130/80 ದಾಟುತ್ತಲೇ ಇದ್ದರೆ ಡಾಕ್ಟರಿಗೆ ಹೇಳಲಿ. ವಾಂತಿ ಭೇದಿಯಾಗಿ ಏನೂ ಕುಡಿಯಲಾಗದ ದಿನ ಟೆಲ್ಮಿಸಾರ್ಟನ್ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಯಾವಾಗ ನಿಲ್ಲಿಸುವುದು, ಯಾವಾಗ ಶುರು ಮಾಡುವುದು ಎಂದು ಡಾಕ್ಟರ ಕೈಯಲ್ಲೇ ಚೀಟಿಯಲ್ಲಿ ಬರೆಸಿ ಪಾಸ್‌ಪೋರ್ಟಿನ ಜೊತೆ ಇಡಿ. ಮಳೆಗಾಲದಲ್ಲಿ ಊರಲ್ಲಿದ್ದಾಗ ಮೈಕೈ ನೋವಿನ ಜ್ವರ ಬಂದು, ಕಣ್ಣು ಕೆಂಪಾಗಿ, ಮೂತ್ರ ಕಡಿಮೆಯಾದರೆ ಅದು ಇಲಿಜ್ವರವೂ ಇರಬಹುದು, ಅದು ಕಿಡ್ನಿಯನ್ನು ದಿನಗಳಲ್ಲೇ ಹೊಡೆಯುತ್ತದೆ. ಅಂಥ ಜ್ವರಕ್ಕೆ ಮನೆಯಲ್ಲಿ ಕಾಯುವುದು ಬೇಡ.

ಇನ್ನು ನೀವು ಕೊನೆಗೆ ಆವರಣದೊಳಗೆ ಹಾಕಿ ಮುಗಿಸಿದ ಸಾಲು. ಬಸಿರಿನಲ್ಲಿ ಬಿಪಿ ಏರಿ ಎಂಟನೇ ತಿಂಗಳಲ್ಲೇ ಹೆರಿಗೆ ಮಾಡಿಸಬೇಕಾದವರಿಗೆ ಮುಂದೆ ಬಿಪಿ, ಹೃದಯ ಮತ್ತು ಕಿಡ್ನಿಯ ತೊಂದರೆ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಹೆರಿಗೆಯಾದ ಮೇಲೆ ಮಗುವನ್ನು ನೋಡಿಕೊಳ್ಳುವ ಗಡಿಬಿಡಿಯಲ್ಲಿ ಆ ಫೈಲು ಮುಚ್ಚಿಹೋಗುತ್ತದೆ, ತಾಯಿಗೆ ‘ಏನೂ ತೊಂದರೆ ಇಲ್ಲ’ ಎಂದಾಗಿಬಿಡುತ್ತದೆ. ನಿಮ್ಮ ಬಿಪಿ ಕೊನೆಯ ಸಲ ನೋಡಿದ್ದು ಯಾವಾಗ? ಯಜಮಾನರ ಮೂತ್ರದ ಬಾಟಲಿ ಲ್ಯಾಬಿಗೆ ಒಯ್ಯುವ ದಿನ ನಿಮ್ಮ ಹೆಸರು ಬರೆದ ಇನ್ನೊಂದು ಬಾಟಲಿಯೂ ಹೋಗಲಿ.